ಮುನ್ನೂರು ಗ್ರಾಂ

ವರ್ಷ ಮುಗಿಯುವ ರಾತ್ರಿ, ಹನ್ನೊಂದೂಕಾಲು.
ಚರ್ಚಿನ ತುಂಬ ಮಫ್ಲರು, ಕೆಮ್ಮು, ಸೊಳ್ಳೆಬತ್ತಿಯ ಹೊಗೆ.
ಹೊರಗೆ ಬಿ.ಎಚ್. ರಸ್ತೆಯಲ್ಲಿ ಹುಡುಗರು
ಆಗಲೇ ಪಟಾಕಿಗೆ ಬೆಂಕಿ ಇಟ್ಟಿದ್ದಾರೆ.
ಒಳಗೆ ಸಾಕ್ಷಿ ಹೇಳುವ ಸಮಯ.

ಸ್ಟೀಫನ್ ಜಯಶೀಲ ಮೈಕು ಹಿಡಿದ.
ಕ್ಯಾತ್ಸಂದ್ರದಲ್ಲಿ ಎರಡನೇ ಸೈಟು,
ಮಗಳಿಗೆ ಮೆಡಿಕಲ್ ಸೀಟು,
ಬಿಳಿ ಕಾರು, ಅದರ ಗಾಜಿನ ಮೇಲೆ ಕರ್ತನ ಹೆಸರು.
ಬೇಡಿದ್ದಕ್ಕಿಂತ ಹೆಚ್ಚು ಕೊಟ್ಟ ಎಂದ.
ಸುಳ್ಳೇನಲ್ಲ. ಒಳ್ಳೆಯವನೇ ಅವನು,
ನನ್ನ ಮಗನ ಫೀಸಿಗೆ ಒಮ್ಮೆ ಕೈ ಹಿಡಿದವನು.
ಎಲ್ಲರೂ ಆಮೆನ್ ಅಂದರು. ನಾನೂ ಅಂದೆ,
ತುಸು ತಡವಾಗಿ.

ಅಯ್ಯನವರು ಈ ಕಡೆ ತಿರುಗಿದರು:
'ದೇವಮಿತ್ರಪ್ಪ, ನಿಮ್ಮದೂ ಎರಡು ಮಾತು.'

ನಾನು ತಕ್ಕಡಿ ರಿಪೇರಿಯವನು.
ಮಂಡಿಪೇಟೆಯಲ್ಲಿ ಅಪ್ಪನ ಕಾಲದ ಮಳಿಗೆ,
ಆರಡಿ ಅಗಲ, ಕಬ್ಬಿಣದ ವಾಸನೆ.
ಅಪ್ಪ ಕಲಿಸಿದ್ದು ಒಂದೇ ಪಾಠ:
ತಟ್ಟೆ ಖಾಲಿ ಇದ್ದಾಗ ಮುಳ್ಳು ಎಲ್ಲಿ ನಿಲ್ಲುತ್ತೆ ನೋಡು.
ತುಂಬಿದ ತಟ್ಟೆ ಎಲ್ಲರೂ ನೋಡ್ತಾರೆ.
ಖಾಲಿಯದು ಸುಳ್ಳಾದರೆ
ಆಮೇಲೆ ಏನಿಟ್ಟರೂ ಸುಳ್ಳೇ ತೂಗುತ್ತೆ, ಮಗಾ,
ಬಂಗಾರ ಇಟ್ಟರೂ.

ಹೋದ ಹುಣಸೆ ಸುಗ್ಗಿಯಲ್ಲಿ
ಮಂಡಿ ಸಾಹುಕಾರರು ಕರೆಸಿದರು.
ಹದಿನಾಲ್ಕು ತಕ್ಕಡಿ, ವರ್ಷದ ಗುತ್ತಿಗೆ,
ಮುಂಗಡ ಮೇಜಿನ ಮೇಲೆ.
'ಬಾಗಿಲ ಪಕ್ಕದ್ದು ಮಾತ್ರ
ಮುನ್ನೂರು ಗ್ರಾಂ ಹಿಂದೆ ನಿಲ್ಲಲಿ.
ಯಾರ ಹೊಟ್ಟೆಗೂ ತಟ್ಟಲ್ಲ.'

ಸ್ಕ್ರೂ ಒಂದು ಸುತ್ತು. ಅಷ್ಟೇ ಕೆಲಸ.
ಮನೆಗೆ ಹೋಗುವಾಗ ಮಟನ್ ಕಟ್ಟಿಸಿದೆ.
ಊಟಕ್ಕೆ ಮುಂಚೆ ಕಣ್ಣು ಮುಚ್ಚಿ
ಸ್ತೋತ್ರ ಹೇಳಿದೆ,
ಆವತ್ತು ಉದ್ದದ್ದೇ.

ಸುಗುಣವತಿ ಹುಣಸೆ ಬಿಡಿಸುತ್ತಾಳೆ.
ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಜಾರ ಪೂರ್ತಿ ಹುಳಿ,
ಬೀಜ ಒಂದು ಕಡೆ, ನಾರು ಒಂದು ಕಡೆ,
ಬೆರಳ ಸಂದಿ ಬಿರಿದು ಉಪ್ಪು ಮುಟ್ಟುವ ಹಾಗಿಲ್ಲ.
ಕೇಜಿಗಿಷ್ಟು ಅಂತ ಕೂಲಿ.
ನಾಲ್ಕನೇ ದಿನ ಮಂಡಿಯಿಂದ ಬಂದವಳು
ಕನ್ನಡಕ ಒರೆಸುತ್ತಾ ಅಂದಳು:
'ಯಾಕೋ ಈ ವಾರ ತೂಕ ಕಮ್ಮಿ ಬರ್ತಿದೆ.
ಕಣ್ಣು ಮಂಜಾಯ್ತೇನೋ ನಂದು,
ಬೀಜದ ಜೊತೆ ಹಣ್ಣೂ ಹೋಗ್ತಿದೆಯೇನೋ.'
'ಯಾವ ತಕ್ಕಡಿ?'
'ಬಾಗಿಲ ಪಕ್ಕದ್ದು.'

ಆ ರಾತ್ರಿ ನನಗೆ ದರ್ಶನವೇನೂ ಆಗಲಿಲ್ಲ.
ಯಾರ ಧ್ವನಿಯೂ ಕೇಳಲಿಲ್ಲ.
ಬರೀ ಅವಳು ಬೀಜದ ಗುಡ್ಡೆ ಕೆದಕುವ ಸದ್ದು,
ಲೈಟಿನ ಕೆಳಗೆ ಮೊರ ಎಳೆದುಕೊಂಡು
ತನ್ನದೇ ತಪ್ಪು ಹುಡುಕುತ್ತಾ.

ಬೆಳಿಗ್ಗೆ ಮುಂಗಡ ವಾಪಸು ಇಟ್ಟೆ,
ಮಟನ್ನಿನ ದುಡ್ಡು ಸಾಲ ತಂದು ಸೇರಿಸಿ.
ಸ್ಕ್ರೂ ಒಂದು ಸುತ್ತು ಹಿಂದಕ್ಕೆ.
ಹದಿನಾಲ್ಕು ತಕ್ಕಡಿಯೂ ಹೋದವು,
ಅವರ ಒಂದು ಮಾತಿಗೆ ಇನ್ನೂ ಮೂರು ಮಂಡಿ.
ಈಗ ಮಳಿಗೆಗೆ ಬರುವುದು
ಬಾಳೆಹಣ್ಣಿನವರು, ಹಳೇ ಪೇಪರಿನವರು.

ಧೈರ್ಯ ಅನ್ನಬೇಡಿ ಇದನ್ನ.
ಅಲ್ಲಿ ನಿಂತಿದ್ದವಳು ಬೇರೆ ಯಾವಳೋ ಆಗಿದ್ದರೆ
ಆ ಸ್ಕ್ರೂ ಇವತ್ತಿಗೂ ಹಾಗೇ ಇರುತ್ತಿತ್ತು.
ಅದೇ ಚುಚ್ಚುವುದು.
ಅವನ ಕಣ್ಣಿಗೆ ಬೇರೆಯವಳು ಅನ್ನುವವಳೇ ಇಲ್ಲವಲ್ಲ.

ಮೂವತ್ತು ವರ್ಷ ಮೊಣಕಾಲೂರಿದ್ದೇನೆ,
ತಟ್ಟೆಗೆ ಏನಾದರೂ ಹಾಕು ತಂದೆ, ಅಂತ.
ಮುಳ್ಳು ತಿದ್ದು ಅಂತ
ಒಮ್ಮೆಯೂ ಕೇಳಿದ್ದಿಲ್ಲ.

ಮೈಕು ಕೈಯಲ್ಲಿ ತಣ್ಣಗಿದೆ.
ಹೆಂಗಸರ ಕಡೆ ಮೂರನೇ ಬೆಂಚಿನಲ್ಲಿ ಅವಳು,
ಸೆರಗಿನೊಳಗೆ ಬೆರಳು ಮುಚ್ಚಿಕೊಂಡು.
ಇವತ್ತಿನವರೆಗೂ ಅವಳಿಗೆ ಹೇಳಿಲ್ಲ.
ಕನ್ನಡಕ ಬದಲಿಸಿದ್ದಾಳೆ,
ಒಂಬೈನೂರು ರೂಪಾಯಿ, ಸುಮ್ಮನೆ.

ಎತ್ತಿ ತೋರಿಸಲು ಏನಿದೆ ನನ್ನ ತಟ್ಟೆಯಲ್ಲಿ?
ಏನೂ ಇಲ್ಲ.
ಸರಿ, ಅಲ್ಲಿಂದಲೇ ಶುರು.

'ಸುಗುಣಾ,' ಅಂದೆ, ಸಭೆಗಲ್ಲ,
'ನಿನ್ನ ಕಣ್ಣು ಚೆನ್ನಾಗೇ ಇತ್ತು.'